ಸಿಕ್ಕವರನ್ನೆಲ್ಲ ಒಳಗೆ ಹಾಕಿದರೆ ಅಪರಾಧ ಇಳಿಯುತ್ತದೆಯೇ?

ಪ್ರಶ್ನೆ: ಚನ್ನಗಿರಿಯ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವನವರಿಗೆ ಮುಂಬೈ ಪೊಲೀಸರೆಂದು ಹೇಳಿಕೊಂಡವರು ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಎರಡು ದಿನ ಕೋಣೆಯಿಂದ ಏಳಗೊಡದೆ ಹೆದರಿಸಿ, ಅಡಿಕೆ ಮಾರಿ ಬಂದಿದ್ದ ಹನ್ನೊಂದು ಲಕ್ಷ ರೂಪಾಯಿಯನ್ನು ಹಾಕಿಸಿಕೊಂಡರು. ಹಣ ಮೊದಲು ಹೋಗಿದ್ದು ದಾವಣಗೆರೆಯಲ್ಲೇ ಓದುತ್ತಿರುವ ಇಪ್ಪತ್ತು ವರ್ಷದ ಹುಡುಗನೊಬ್ಬನ ಖಾತೆಗೆ. ಅಲ್ಲಿಂದ ಅದು ದೇಶವನ್ನೇ ದಾಟಿದೆ ಎನ್ನುತ್ತಾರೆ. ಜಗತ್ತಿನಲ್ಲೆಲ್ಲ ಅಪರಾಧ ಹೆಚ್ಚುತ್ತಲೇ ಇದೆಯೇ? ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಮಾಡಿದಂತೆ ಸಿಕ್ಕವರನ್ನೆಲ್ಲ ಒಳಗೆ ಹಾಕಿದರೆ ತಪ್ಪೇನು? ಆ ಹುಡುಗನಿಗೆ ಏನು ಶಿಕ್ಷೆಯಾಗಬೇಕು?
— ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ತಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಹೆಚ್ಚು ಕಷ್ಟದ್ದು, ಉಳಿದೆರಡಕ್ಕೆ ಉತ್ತರ ಸಿಗದೆ ಅದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ಹುಡುಗನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಅಪರಾಧ ಹೆಚ್ಚುತ್ತಿದೆಯೇ ಎಂದು ಕೇಳಿದರೆ, ಯಾವ ಅಪರಾಧ ಎಂದು ನಾನು ಮರುಪ್ರಶ್ನೆ ಹಾಕಬೇಕಾಗುತ್ತದೆ. ದೇಶದಿಂದ ದೇಶಕ್ಕೆ ಹೋಲಿಸಿ ನೋಡಬಹುದಾದ ಅಂಕಿ ಒಂದೇ, ಕೊಲೆಯದು. ಕಳವು, ಹಲ್ಲೆ, ಅತ್ಯಾಚಾರಗಳ ಅಂಕಿ ಠಾಣೆಯ ಮೆಟ್ಟಿಲು ಹತ್ತಿದವರ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ನಡೆದದ್ದನ್ನಲ್ಲ. ಬಂದ ದೂರುಗಳನ್ನೆಲ್ಲ ದಾಖಲಿಸಿಕೊಳ್ಳುವ ಜಿಲ್ಲೆ ವರ್ಷದ ಕೊನೆಯ ಪಟ್ಟಿಯಲ್ಲಿ ‘ಅಪರಾಧ ಹೆಚ್ಚಿದ ಜಿಲ್ಲೆ’ ಎನಿಸಿಕೊಳ್ಳುವುದು, ಹೆಣ್ಣುಮಕ್ಕಳನ್ನು ‘ಮನೆ ಮರ್ಯಾದೆ ನೋಡ್ಕೊಳ್ಳಮ್ಮ’ ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ಠಾಣೆ ಶಾಂತಿಯ ತವರೆನಿಸಿಕೊಳ್ಳುವುದು ನಾವೆಲ್ಲ ಕಂಡದ್ದೇ. ಆದರೆ ಹೆಣವನ್ನು ಬಹುಕಾಲ ಲೆಕ್ಕದಿಂದ ಹೊರಗಿಡಲಾಗದು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಲೆಕ್ಕದಲ್ಲಿ 2017ರಲ್ಲಿ ಜಗತ್ತಿನಾದ್ಯಂತ ಕೊಲೆಯಾದವರು ಸುಮಾರು 4,64,000 ಮಂದಿ. ಅದೇ ವರ್ಷ ಯುದ್ಧ ಮತ್ತು ಸಶಸ್ತ್ರ ಸಂಘರ್ಷಗಳಲ್ಲಿ ಸತ್ತವರು ಸುಮಾರು 89,000. ಎಂದರೆ ಯುದ್ಧಗಳಿಗಿಂತ ಬೀದಿ ಮತ್ತು ಮನೆಗಳೇ ಐದು ಪಟ್ಟು ಹೆಚ್ಚು ಜನರನ್ನು ಕೊಂದವು. 2021ರಲ್ಲಿ ಕೊಲೆಗಳ ಸಂಖ್ಯೆ ಸುಮಾರು 4,58,000, ಲಕ್ಷ ಜನಕ್ಕೆ 5.8. ಭಾರತದಲ್ಲಿ ಈ ಪ್ರಮಾಣ ಮೂರಕ್ಕಿಂತ ಕಡಿಮೆ ಇದೆ. ಹಿಂದಿನ ಕಾಲದಲ್ಲಿ ಜನ ಒಳ್ಳೆಯವರಾಗಿದ್ದರು ಎಂಬ ಮಾತೂ ನಿಲ್ಲುವಂಥದ್ದಲ್ಲ: ಹದಿಮೂರು, ಹದಿನಾಲ್ಕನೆಯ ಶತಮಾನದ ಯುರೋಪಿನ ದಾಖಲೆಗಳಲ್ಲಿ ಲಕ್ಷಕ್ಕೆ ಇಪ್ಪತ್ತನ್ನೂ ಮೀರಿ ಕೊಲೆಗಳು ಕಾಣುತ್ತವೆ, ಇಂದು ಅಲ್ಲಿನ ಬಹುತೇಕ ದೇಶಗಳಲ್ಲಿ ಅದು ಒಂದರ ಆಸುಪಾಸಿನಲ್ಲಿದೆ.

ಏರುತ್ತಿರುವುದು ತಮ್ಮ ಭಾವನವರಿಗೆ ತಗುಲಿದ ಬಗೆಯ ಅಪರಾಧ. 2024ರ ಒಂದೇ ವರ್ಷದಲ್ಲಿ ಭಾರತೀಯರು ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ; ಹಿಂದಿನ ವರ್ಷ ಅದು ಏಳೂವರೆ ಸಾವಿರ ಕೋಟಿಗೂ ಕಡಿಮೆ ಇತ್ತು. ಕತ್ತಿ ಹಿಡಿದ ದರೋಡೆಕೋರ ಒಂದು ರಾತ್ರಿಗೆ ಒಂದು ಮನೆ ನುಗ್ಗಬಲ್ಲ, ಫೋನು ಹಿಡಿದವನಿಗೆ ಆ ಮಿತಿ ಇಲ್ಲ.

ಈ ವಂಚನೆಯ ಸರಪಳಿಯನ್ನು ಒಮ್ಮೆ ಕೊನೆಯಿಂದ ಹಿಂದಕ್ಕೆ ಹಿಡಿದು ನೋಡಿ. ಕರೆ ಮಾಡಿದವನು ಬಹುಶಃ ಮ್ಯಾನ್ಮಾರ್, ಕಾಂಬೋಡಿಯಾ ಅಥವಾ ಲಾವೋಸಿನ ಬೇಲಿ ಹಾಕಿದ ಕಟ್ಟಡವೊಂದರಲ್ಲಿ ಕುಳಿತಿದ್ದಾನೆ. 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೊರತಂದ ವರದಿಯ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮಂದಿ ಮತ್ತು ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಮಂದಿ ಇಂಥ ಕೇಂದ್ರಗಳಲ್ಲಿ ಬಲವಂತದ ದುಡಿಮೆಗೆ ಸಿಕ್ಕಿಬಿದ್ದಿರಬಹುದು. ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ, ಬ್ಯಾಂಕಾಕಿಗೆ ಟಿಕೆಟು ಎಂದು ನಂಬಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ದಿನಕ್ಕೆ ಇಂತಿಷ್ಟು ಜನರನ್ನು ಬಲೆಗೆ ಹಾಕದಿದ್ದರೆ ಹೊಡೆತ ಎನ್ನುವ ವ್ಯವಸ್ಥೆ ಅದು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಗೆ ಅಂಟಿಕೊಂಡಿರುವ ಥಾಯ್ಲೆಂಡಿನ ಮೇ ಸೋಟ್ ಪಟ್ಟಣದಿಂದ ನಮ್ಮ ವಾಯುಪಡೆಯ ವಿಮಾನ 283 ಭಾರತೀಯರನ್ನು ಒಮ್ಮೆಗೇ ಕರೆತಂದಿತು. ಅವರೆಲ್ಲ ಅಲ್ಲಿ ಮಾಡುತ್ತಿದ್ದುದು ಇದೇ ಕೆಲಸ. ಆದ್ದರಿಂದ ತಮ್ಮ ಭಾವನವರನ್ನು ಗದರಿಸಿದ ದನಿಯ ಹಿಂದೆಯೂ ಒಬ್ಬ ಕೈದಿ ಇದ್ದಿರಬಹುದು. ಇದ್ದಾನೆಂದು ನಾನು ಹೇಳುತ್ತಿಲ್ಲ, ಇರಬಹುದೆಂಬುದನ್ನು ಮರೆಯಬಾರದು ಎನ್ನುತ್ತಿದ್ದೇನೆ.

ಆ ದನಿ ಎಲ್ಲಿಂದಲೇ ಬಂದಿರಲಿ, ಅಡಿಕೆಯ ಹಣ ನೇರವಾಗಿ ಅಲ್ಲಿಗೆ ಹಾರಲಾರದು. ಅದು ಮೊದಲು ಭಾರತದ ಒಂದು ಬ್ಯಾಂಕಿನ, ಒಂದು ಶಾಖೆಯ, ಒಬ್ಬ ನಿಜವಾದ ಮನುಷ್ಯನ ಖಾತೆಯಲ್ಲಿ ಇಳಿಯಬೇಕು. ಅಲ್ಲಿಂದ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಒಡೆದು, ಎಟಿಎಂಗಳಲ್ಲಿ ನಗದಾಗಿ ಇಲ್ಲವೇ ಕ್ರಿಪ್ಟೊ ನಾಣ್ಯವಾಗಿ ಮಾರ್ಪಟ್ಟು ಆಮೇಲೆ ಗಡಿ ದಾಟುತ್ತದೆ. ಕರೆಗೂ ಒಂದು ಸಿಮ್ ಬೇಕು, ಆ ಸಿಮ್ ಯಾರದೋ ಆಧಾರ್ ಮೇಲೆ ಯಾವುದೋ ಅಂಗಡಿಯಲ್ಲಿ ಹುಟ್ಟಿರುತ್ತದೆ. ಜಾಗತಿಕ ಅಪರಾಧ ಎಂದು ನಾವು ಕರೆಯುವುದು ಎಷ್ಟೇ ದೂರದ್ದಾಗಿರಲಿ, ಒಂದಲ್ಲ ಒಂದು ಊರಿನಲ್ಲಿ ಅದು ನೆಲಕ್ಕೆ ಕಾಲಿಡಲೇಬೇಕು. ಅದನ್ನು ಇಳಿಸುವ ಕೆಲಸ ಆಗುವುದೂ ಹೆಚ್ಚಾಗಿ ಆ ಕಾಲಿಡುವ ಜಾಗಗಳಲ್ಲೇ ಎಂಬುದು ನಾನು ಮೂವತ್ತು ವರ್ಷ ಈ ವಿಷಯ ಪಾಠ ಮಾಡಿ ಕಂಡುಕೊಂಡದ್ದು.

ನಾನಿರುವುದು ಚಿತ್ರದುರ್ಗದಲ್ಲಿ. ಇಲ್ಲಿನ ಕೋಟೆಗೆ ಬಂದವರೆಲ್ಲ ಓಬವ್ವನ ಒನಕೆಯನ್ನು ಕೊಂಡಾಡಿ ಹೋಗುತ್ತಾರೆ, ಕೊಂಡಾಡಬೇಕಾದದ್ದೇ. ಆದರೆ ಆ ಕಿಂಡಿಯ ಮುಂದೆ ಒಂದು ಗಳಿಗೆ ನಿಂತು ಯೋಚಿಸಿ: ಹೈದರಾಲಿಯ ಸೈನಿಕರು ಅಲ್ಲಿ ಒಬ್ಬೊಬ್ಬರಾಗಿ ತೆವಳಿಕೊಂಡೇ ಒಳಬರಬೇಕಿತ್ತು. ಬಯಲಿನಲ್ಲಾಗಿದ್ದರೆ ಒಂದು ಒನಕೆ ಏನು ಮಾಡಬಲ್ಲದಾಗಿತ್ತು? ಬಾಡಿಗೆ ಖಾತೆ, ಎಂದರೆ ದುಡ್ಡಿನಾಸೆಗೆ ಇನ್ನೊಬ್ಬರ ಬಳಕೆಗೆ ಬಿಟ್ಟುಕೊಟ್ಟ ಬ್ಯಾಂಕ್ ಖಾತೆ, ಈ ವಂಚನೆಯ ಕಿಂಡಿ.

ಈಗ ತಮ್ಮ ಎರಡನೆಯ ಪ್ರಶ್ನೆ. ಎಲ್ ಸಾಲ್ವಡಾರ್‌ನಲ್ಲಿ ಕೊಲೆಗಳು ಇಳಿದದ್ದು ನಿಜ, ಅದನ್ನು ಅಲ್ಲಗಳೆದು ವಾದ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ. 2015ರಲ್ಲಿ ಅಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಕೊಲೆಗಳಾಗುತ್ತಿದ್ದವು. 2022ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದ ಮೇಲೆ, 2024ರ ಸರ್ಕಾರಿ ಲೆಕ್ಕದಲ್ಲಿ ಅದು ಎರಡಕ್ಕಿಂತ ಕೆಳಗಿಳಿಯಿತು. ಆದರೆ ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಗಳಿವೆ. ತುರ್ತು ಪರಿಸ್ಥಿತಿ ಬರುವ ಮೊದಲೇ, 2021ರ ಹೊತ್ತಿಗೆ, ಅಲ್ಲಿನ ಕೊಲೆ ಪ್ರಮಾಣ ಹದಿನೆಂಟರ ಆಸುಪಾಸಿಗೆ ಇಳಿದಿತ್ತು. ಬಂಧಿತರಲ್ಲಿ ಸಾವಿರಾರು ಮಂದಿ ಗ್ಯಾಂಗುಗಳಿಗೆ ಸಂಬಂಧವೇ ಇಲ್ಲದವರೆಂದು ಸರ್ಕಾರವೇ ಬಿಡುಗಡೆ ಮಾಡಿತು. ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಆ ದೇಶವನ್ನು ಹಾಳುಗೆಡವಿದ ಎಂಎಸ್-13 ಮತ್ತು ಬ್ಯಾರಿಯೊ 18 ಗ್ಯಾಂಗುಗಳು ಹುಟ್ಟಿದ್ದು ಅಲ್ಲಿ ಅಲ್ಲ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಿಂದ ಓಡಿಬಂದ ಕುಟುಂಬಗಳ ಹುಡುಗರು ಲಾಸ್ ಏಂಜಲೀಸ್‌ನ ಬೀದಿ ಮತ್ತು ಜೈಲುಗಳಲ್ಲಿ ಗ್ಯಾಂಗು ಕಲಿತರು. 1990ರ ದಶಕದಲ್ಲಿ ಅಮೆರಿಕ ಅವರನ್ನು ‘ಸಮಸ್ಯೆ ತೊಲಗಲಿ’ ಎಂದು ಗಡೀಪಾರು ಮಾಡಿತು. ಯುದ್ಧ ಮುಗಿದು ಪೊಲೀಸು ವ್ಯವಸ್ಥೆಯೇ ಇನ್ನೂ ಕಾಲೂರದಿದ್ದ ದೇಶಕ್ಕೆ ಆ ಹುಡುಗರು ಬಂದಿಳಿದರು. ಸಿಕ್ಕವರನ್ನೆಲ್ಲ ಸಾರಾಸಗಟಾಗಿ ಒಳಗೆ ಹಾಕಿ ಹೊರಗೆ ಅಟ್ಟುವ ವಿಧಾನ ಮೊದಲು ಹುಟ್ಟಿಸಿದ ಬೆಳೆಯನ್ನು ಈಗ ಅದೇ ವಿಧಾನ ಕೊಯ್ಯುತ್ತಿದೆ.

ಶಿಕ್ಷೆ ಅನಗತ್ಯ ಎನ್ನುತ್ತಿಲ್ಲ. ಶಿಕ್ಷೆಯ ಭಾರಕ್ಕಿಂತ ಅದರ ಖಚಿತತೆ ಜನರನ್ನು ತಡೆಯುತ್ತದೆ ಎಂದು ಇಟಲಿಯ ಚೆಸಾರೆ ಬೆಕಾರಿಯಾ 1764ರಲ್ಲೇ ವಾದಿಸಿದ. ಅಲ್ಲಿಂದೀಚೆಗಿನ ಅಧ್ಯಯನಗಳು ಅವನನ್ನು ಬಹುಮಟ್ಟಿಗೆ ಸಮರ್ಥಿಸಿವೆ. ಮೂವತ್ತು ವರ್ಷವೋ ಇಪ್ಪತ್ತು ವರ್ಷವೋ ಎಂದು ಕಳ್ಳನಾಗಹೊರಟವನು ಲೆಕ್ಕ ಹಾಕುವುದಿಲ್ಲ, ಸಿಕ್ಕಿಬೀಳುತ್ತೇನೆಯೇ ಎಂದು ಹಾಕುತ್ತಾನೆ. ಖಚಿತತೆಯ ವಿಷಯದಲ್ಲಿ ನಮ್ಮ ಪರಿಸ್ಥಿತಿ ಹೇಗಿದೆ ಎಂಬುದಕ್ಕೆ ಜೈಲುಗಳೇ ಸಾಕ್ಷಿ: 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಇನ್ನೂ ತೀರ್ಮಾನವಾಗಿಲ್ಲ. ಅಂಥಲ್ಲಿ ಗಲ್ಲು ಎಂದು ಕಾನೂನಿನಲ್ಲಿ ಬರೆದುಬಿಟ್ಟರೆ ಬರೆದವರಿಗೆ ಸಮಾಧಾನವಾದೀತು.

ಹಾಗಾದರೆ ಯಾವುದು ಕೆಲಸ ಮಾಡಿದೆ? ನನಗೆ ಬಹಳ ಪ್ರಿಯವಾದ ಉದಾಹರಣೆ ಅಪರಾಧಕ್ಕೆ ಸಂಬಂಧವೇ ಇಲ್ಲದ ಕಾನೂನಿನದು. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಹಾಕದ ಬೈಕ್ ಸವಾರರಿಗೆ ಸ್ಥಳದಲ್ಲೇ ದಂಡ ವಿಧಿಸಲು ತೊಡಗಿದರು. ಉದ್ದೇಶವಿದ್ದದ್ದು ತಲೆ ಉಳಿಸುವುದು. ಆದರೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷವಿದ್ದ ಬೈಕ್ ಕಳವು 1986ರ ಹೊತ್ತಿಗೆ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗಕ್ಕೆ ಕುಸಿಯಿತು. ಬೀದಿಯಲ್ಲಿ ಕಂಡ ಬೈಕನ್ನು ಹಾಗೇ ಎತ್ತಿಕೊಂಡು ಹೋಗುವ ಹುಡುಗನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ, ಇಲ್ಲದೆ ಹೊರಟರೆ ಮುಂದಿನ ವೃತ್ತದಲ್ಲೇ ಪೊಲೀಸಿನವನು ಕೈ ಅಡ್ಡ ಹಿಡಿಯುತ್ತಾನೆ! ಬೈಕ್ ಬಿಟ್ಟವರೆಲ್ಲ ಕಾರಿಗೋ ಸೈಕಲ್ಲಿಗೋ ಕೈ ಹಾಕಿದರೇ ಎಂದು ನೋಡಿದರೆ, ಆ ಕಳವುಗಳು ಆ ಪ್ರಮಾಣದಲ್ಲಿ ಏರಲಿಲ್ಲ. ಎಂದರೆ ಕಳ್ಳತನದ ದೊಡ್ಡ ಪಾಲು ಅವಕಾಶದ ಕೂಸು. ಒಂದು ಕಡೆ ತಡೆದರೆ ಇನ್ನೊಂದು ಕಡೆ ಉಕ್ಕೇ ಉಕ್ಕುತ್ತದೆ ಎಂಬ ನಂಬಿಕೆ ಎಲ್ಲ ಕಡೆ ನಿಜವಲ್ಲ. ನಮ್ಮ ಪಿ.ಬಿ. ರಸ್ತೆಯ ಹೆಲ್ಮೆಟ್ ತಪಾಸಣೆಯನ್ನು ಶಪಿಸುವಾಗ ಇದನ್ನೂ ನೆನೆಯಬಹುದು.

ಕೊಲಂಬಿಯಾದ ಕಾಲಿ ನಗರಕ್ಕೆ 1992ರಲ್ಲಿ ಮೇಯರ್ ಆಗಿ ಬಂದ ರೊಡ್ರಿಗೊ ಗೆರೆರೊ ವೃತ್ತಿಯಿಂದ ವೈದ್ಯ, ಸಾಂಕ್ರಾಮಿಕ ರೋಗಗಳ ತಜ್ಞ. ಆ ಊರು ಕೊಕೇನ್ ಜಾಲದ ರಾಜಧಾನಿಗಳಲ್ಲೊಂದು. ಕೊಲೆಗಳೆಲ್ಲ ಮಾದಕವಸ್ತುವಿನ ಕೊಲೆಗಳೇ ಎಂದು ಎಲ್ಲರೂ ನಂಬಿದ್ದರು. ಕಾಲರಾ ಬಂದಾಗ ವೈದ್ಯರು ಯಾವ ಓಣಿ, ಯಾವ ಬಾವಿ ಎಂದು ಹುಡುಕುವಂತೆ ಗೆರೆರೊ ಪ್ರತಿ ಕೊಲೆಯ ದಿನ, ಹೊತ್ತು, ಜಾಗ, ಆಯುಧಗಳನ್ನು ವಾರವಾರ ಪೊಲೀಸರನ್ನೂ ಶವಪರೀಕ್ಷೆಯವರನ್ನೂ ಒಟ್ಟಿಗೆ ಕೂರಿಸಿ ಬರೆಸಿದರು. ಹೊರಬಂದ ಚಿತ್ರ ಬೇರೆಯೇ ಆಗಿತ್ತು: ಕೊಲೆಗಳು ವಾರದ ಕೊನೆ, ಹಬ್ಬದ ರಜೆ, ಸಂಬಳದ ದಿನಗಳಲ್ಲಿ ಗುಂಪಾಗಿದ್ದವು, ಕುಡಿತ ಮತ್ತು ಪಿಸ್ತೂಲು ಜೊತೆಯಾಗಿದ್ದವು. ಆ ದಿನಗಳಲ್ಲಿ ಬಂದೂಕು ಹಿಡಿದು ಹೊರಬರುವುದನ್ನು ನಿಷೇಧಿಸಿದಾಗ, ನಿಷೇಧವಿದ್ದ ದಿನಗಳಲ್ಲಿ ಕೊಲೆಗಳು ಶೇಕಡಾ 14ರಷ್ಟು ಕಡಿಮೆಯಾದವು ಎಂದು ನಂತರದ ಅಧ್ಯಯನ ತೋರಿಸಿತು. ಶೇಕಡಾ 14 ದೊಡ್ಡ ಅಂಕಿಯಲ್ಲ ಎನಿಸಬಹುದು. ಸಿಕ್ಕವರನ್ನೆಲ್ಲ ಜೈಲಿಗೆ ತುಂಬದೆ ಬಂದ ಇಳಿಕೆ ಅದು.

ಸ್ಕಾಟ್‌ಲೆಂಡಿನ ಗ್ಲಾಸ್ಗೊ 2005ರಲ್ಲಿ ಇದೇ ದಾರಿ ಹಿಡಿಯಿತು. ಚಾಕು ಇರಿತಕ್ಕೆ ಕುಖ್ಯಾತವಾಗಿದ್ದ ಆ ನಗರದ ಪೊಲೀಸರೇ ‘ಇದನ್ನು ಬರೀ ಬಂಧಿಸಿ ಮುಗಿಸಲಾಗದು’ ಎಂದು ಹಿಂಸೆ ತಡೆಗೆ ಪ್ರತ್ಯೇಕ ಘಟಕ ತೆರೆದರು. ಗ್ಯಾಂಗಿನ ಹುಡುಗರನ್ನು ನ್ಯಾಯಾಲಯದ ಸಭಾಂಗಣಕ್ಕೆ ಕರೆಸಿ ಕೂರಿಸಿದರು. ಮುಂದೆ ಯಾರಾದರೂ ಇರಿದರೆ ಇಡೀ ಗುಂಪಿನ ಬೆನ್ನು ಹತ್ತುತ್ತೇವೆ ಎಂದು ಪೊಲೀಸರು ಹೇಳಿದರು. ಹೊಲಿದೂ ಹೊಲಿದೂ ಸಾಕಾಗಿದೆ ಎಂದು ಶಸ್ತ್ರಚಿಕಿತ್ಸಕರು ಹೇಳಿದರು. ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದಳು. ಬಿಡುವವರಿಗೆ ಕೆಲಸದ ತರಬೇತಿಯ ದಾರಿಯೂ ಅಲ್ಲೇ ಇತ್ತು. 2004-05ರಲ್ಲಿ ಸ್ಕಾಟ್‌ಲೆಂಡಿನಲ್ಲಿ 137 ಕೊಲೆಗಳಾಗಿದ್ದವು, ಹತ್ತು ವರ್ಷಗಳ ನಂತರ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿತ್ತು. ಪೂರ್ತಿ ಇಳಿಕೆಗೆ ಈ ಘಟಕವೇ ಕಾರಣವೆಂದು ನಾನು ಹೇಳಲಾರೆ, ಆ ವರ್ಷಗಳಲ್ಲಿ ಸುತ್ತಲ ದೇಶಗಳಲ್ಲೂ ಹಿಂಸೆ ಇಳಿಯುತ್ತಿತ್ತು. ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ ನಡೆದ ಪ್ರಯೋಗ ಇದಕ್ಕಿಂತ ಗಟ್ಟಿ ಪುರಾವೆ. ಮನ್ರೋವಿಯಾ ನಗರದ ಕಳವು, ಹಲ್ಲೆಗಳಲ್ಲಿ ತೊಡಗಿದ್ದ 999 ಮಂದಿ ಯುವಕರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರ ಸಿಟ್ಟು ಹಿಡಿಯುವ, ಮುಂದಾಲೋಚಿಸುವ ತರಬೇತಿಯನ್ನೂ 200 ಡಾಲರ್ ನಗದನ್ನೂ ಕೊಟ್ಟರು. ಹತ್ತು ವರ್ಷಗಳ ನಂತರ ಹೋಗಿ ನೋಡಿದಾಗ ಎರಡನ್ನೂ ಪಡೆದವರಲ್ಲಿ ಅಪರಾಧ ಸುಮಾರು ಅರ್ಧದಷ್ಟು ಕಡಿಮೆಯಾಗಿಯೇ ಉಳಿದಿತ್ತು.

ಇವೆಲ್ಲ ಬೀದಿಯ ಹಿಂಸೆಯ ಮಾತಾಯಿತು. ಮನೆಯೊಳಗಿನದು ಬೇರೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಹೆಂಗಸರು ಮತ್ತು ಹುಡುಗಿಯರು ಸುಮಾರು 85,000. ಅವರಲ್ಲಿ 51,100 ಮಂದಿಯನ್ನು ಕೊಂದವರು ಗಂಡ, ಸಂಗಾತಿ ಅಥವಾ ಮನೆಯವರೇ. ಭಾರತದಲ್ಲಿ ವರ್ಷವರ್ಷವೂ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗುತ್ತವೆ. ಅಲ್ಲಿಗೆ ಸಿ.ಸಿ. ಕ್ಯಾಮೆರಾ ತಲುಪದು. ಮೊದಲ ಹೊಡೆತದ ದೂರನ್ನು ‘ರಾಜಿ’ ಮಾಡಿ ಕಳಿಸದ ಠಾಣೆ, ವಾಪಸು ಬಂದ ಮಗಳಿಗೆ ಬಾಗಿಲು ತೆರೆಯುವ ತವರು, ಇವೆರಡೇ ತಲುಪುತ್ತವೆ.

ಮತ್ತೆ ಹಣದ ದಾರಿಗೆ ಬರೋಣ. ಸಂಘಟಿತ ಅಪರಾಧದ ಮುಂದೆ ಶಿಕ್ಷೆ, ತರಬೇತಿ ಎರಡೂ ಸಾಲದೆ ಬಂದಾಗ ಇಟಲಿ ಕಂಡುಕೊಂಡ ದಾರಿ ಆಸ್ತಿಗೆ ಕೈ ಹಾಕುವುದು. ಮಾಫಿಯಾ ಸಂಘದಲ್ಲಿರುವುದನ್ನೇ ಅಪರಾಧವೆಂದು ಸಾರಿ, ಅವರ ಗಳಿಕೆಯ ಮುಟ್ಟುಗೋಲಿಗೆ ಅವಕಾಶ ಕೊಡಬೇಕೆಂದು ಹೋರಾಡಿದ ಸಂಸದ ಪಿಯೊ ಲಾ ತೊರ್ರೆ 1982ರ ಏಪ್ರಿಲ್‌ನಲ್ಲಿ ಗುಂಡಿಗೆ ಬಲಿಯಾದರು. ಅದೇ ಸೆಪ್ಟೆಂಬರಿನಲ್ಲಿ ಮಾಫಿಯಾವನ್ನು ಹತ್ತಿಕ್ಕಲು ಸರ್ಕಾರ ಸಿಸಿಲಿಗೆ ಕಳಿಸಿದ್ದ ಜನರಲ್ ದಲ್ಲಾ ಕಿಯೇಜಾ ಅವರ ಹತ್ಯೆಯೂ ಆದ ಮೇಲೆ ಕಾನೂನು ಜಾರಿಗೆ ಬಂತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ಕಾನೂನು ಮಾಡುವವರಿಗೆ ಎಲ್ಲ ದೇಶದಲ್ಲೂ ಒಪ್ಪುತ್ತದೆ. ಬ್ಯಾಂಕ್ ಕಾಗದಗಳನ್ನು ಹಿಡಿದು ಮಾಫಿಯಾದ ಬುಡಕ್ಕೆ ತಲುಪಿದ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ 1992ರ ಮೇ ತಿಂಗಳಲ್ಲಿ ಬಾಂಬಿಗೆ ಬಲಿಯಾದರು. 1996ರಲ್ಲಿ ಇನ್ನೊಂದು ಕಾನೂನು ಬಂದು, ಮುಟ್ಟುಗೋಲಾದ ಜಮೀನು, ಬಂಗಲೆಗಳು ಸಹಕಾರ ಸಂಘಗಳಿಗೆ, ಶಾಲೆಗಳಿಗೆ ಸಿಗುವಂತಾಯಿತು. 1991ರಲ್ಲಿ ಇಟಲಿಯಲ್ಲಿ ಸುಮಾರು 1,900 ಕೊಲೆಗಳಾಗಿದ್ದವು. ಈಚಿನ ವರ್ಷಗಳಲ್ಲಿ ಅದು ಮುನ್ನೂರರ ಹತ್ತಿರವಿದೆ. ದೇಶಗಳ ನಡುವಿನ ಸಂಘಟಿತ ಅಪರಾಧದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 2000ದ ಡಿಸೆಂಬರಿನಲ್ಲಿ ಸಹಿ ಬಿದ್ದದ್ದು ಸಿಸಿಲಿಯ ಪಲೆರ್ಮೊದಲ್ಲೇ. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು.

ಒಪ್ಪಂದಗಳಿಂದಲೇ ಹಣ ಸಿಕ್ಕಿಬೀಳುವುದಿಲ್ಲ. 2009ರಲ್ಲಿ ಜಗತ್ತಿನಲ್ಲಿ ಬಿಳಿಯಾದ ಕಳ್ಳಹಣ ಜಾಗತಿಕ ಉತ್ಪನ್ನದ ಶೇಕಡಾ 2.7ರಷ್ಟಿತ್ತು, ಅದರಲ್ಲಿ ಹಿಡಿದದ್ದು ಶೇಕಡಾ ಒಂದಕ್ಕೂ ಕಡಿಮೆ ಎಂದು ವಿಶ್ವಸಂಸ್ಥೆಯೇ ಅಂದಾಜು ಮಾಡಿತ್ತು. ಒಂದು ದೇಶದ ಪೊಲೀಸರು ಇನ್ನೊಂದು ದೇಶದ ಕಂಪನಿಯಿಂದ ಒಂದು ದಾಖಲೆ ತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಹಣಕ್ಕೆ ನಿಮಿಷ ಸಾಕು. ಸೈಬರ್ ಅಪರಾಧದ ಹೊಸ ಜಾಗತಿಕ ಒಪ್ಪಂದವನ್ನು 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿತು. ನಲವತ್ತು ದೇಶಗಳು ಅನುಮೋದಿಸಿದ ಮೇಲಷ್ಟೇ ಅದು ಜಾರಿಗೆ ಬರಬೇಕು. ಮೂಲದಲ್ಲೇ ಕಿತ್ತುಹಾಕೋಣ ಎಂದರೆ ಅದಕ್ಕೂ ಮಿತಿಯಿದೆ: ಅಫ್ಘಾನಿಸ್ತಾನದಲ್ಲಿ 2022ರ ನಿಷೇಧದ ನಂತರ ಅಫೀಮಿನ ಬೆಳೆ ಒಂದೇ ವರ್ಷದಲ್ಲಿ ಶೇಕಡಾ 95ರಷ್ಟು ಇಳಿಯಿತು, 2023ರಲ್ಲೇ ಮೊದಲ ಸ್ಥಾನಕ್ಕೆ ಬಂದದ್ದು 2021ರ ಸೇನಾ ದಂಗೆಯಿಂದ ಒಡೆದುಹೋಗಿದ್ದ ಮ್ಯಾನ್ಮಾರ್. ವಂಚನೆಯ ಕೇಂದ್ರಗಳು ಬೇರೂರಿದ್ದೂ ಅದೇ ದೇಶದ ಗಡಿಗಳಲ್ಲಿ. ಸರ್ಕಾರ ಸೋತ ನೆಲದಲ್ಲಿ ಎರಡೂ ಬೆಳೆಯುತ್ತವೆ, ಆ ನೆಲವನ್ನು ದಾವಣಗೆರೆಯಿಂದ ಯಾರೂ ಸರಿಪಡಿಸಲಾರರು.

ಆದ್ದರಿಂದ ಮತ್ತೆ ಕಿಂಡಿಗೇ ಬರಬೇಕು, ಅಲ್ಲಿ ನಿಂತಿರುವವನು ತಾವು ಕೇಳಿದ ಹುಡುಗ. ಇಂಥ ಹುಡುಗರನ್ನು ಜಾಲಕ್ಕೆ ಎಳೆಯುವ ಬಗೆ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ: ಹಾಸ್ಟೆಲಿನಲ್ಲೋ ಚಹಾ ಅಂಗಡಿಯಲ್ಲೋ ಪರಿಚಯವಾದ ಒಬ್ಬ, ‘ಖಾತೆ ತೆಗೆದುಕೊಡು, ಎಟಿಎಂ ಕಾರ್ಡು ಮತ್ತು ಸಿಮ್ ನನ್ನ ಹತ್ತಿರ ಇರಲಿ, ತಿಂಗಳಿಗೆ ಇಷ್ಟು ಕೊಡುತ್ತೇನೆ, ಆನ್‌ಲೈನ್ ಆಟದ ಹಣ, ನಿನಗೇನೂ ಆಗುವುದಿಲ್ಲ’ ಎನ್ನುತ್ತಾನೆ. ಆ ಹುಡುಗನಿಗೆ ಪೂರ್ತಿ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಪೂರ್ತಿ ಗೊತ್ತಿತ್ತು ಎಂದೂ ನಂಬುವುದಿಲ್ಲ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಮು ಸೈಬರ್ ಅಪರಾಧವನ್ನೂ ಸಂಘಟಿತ ಅಪರಾಧದೊಳಗೆ ಸೇರಿಸಿ ಕನಿಷ್ಠ ಐದು ವರ್ಷದ ಶಿಕ್ಷೆ ಹೇಳುತ್ತದೆ. ಆದರೆ ಅದು ಪದೇಪದೇ ಇದನ್ನೇ ಮಾಡುವ ಜಾಲಕ್ಕಾಗಿ ಬರೆದದ್ದು. ಮೊದಲ ಸಲ ಸಿಕ್ಕಿಬಿದ್ದ, ಇಪ್ಪತ್ತೊಂದು ತುಂಬದ ಹುಡುಗನನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಲಯ ಎರಡು ಸಲ ಯೋಚಿಸಬೇಕೆಂದು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಆಶಯ. ನನ್ನ ಅಭಿಪ್ರಾಯ ಕೇಳಿದ್ದೀರಿ: ಅವನ ಮೇಲೆ ಪ್ರಕರಣ ನಡೆಯಲಿ, ಅದು ಬೇಗ ನಡೆಯಲಿ, ಅವನ ಕಾಲೇಜಿನವರಿಗೆಲ್ಲ ಅದು ತಿಳಿಯಲಿ, ಆದರೆ ಅವನು ವರ್ಷಗಟ್ಟಲೆ ವಿಚಾರಣಾಧೀನನಾಗಿ ಕೊಳೆತು, ಒಳಗೆ ನಿಜವಾದ ಗುರುಗಳನ್ನು ಕಂಡು ಹೊರಬರುವುದು ಬೇಡ. ಅವನ ಬೆಲೆ ಇರುವುದು ಅವನು ಕೊಡಬಲ್ಲ ಹೇಳಿಕೆಯಲ್ಲಿ. ಕಾರ್ಡನ್ನು ಯಾರ ಕೈಗೆ ಕೊಟ್ಟ ಎಂಬ ಒಂದು ಹೆಸರು ಅದೇ ಕೈಯಲ್ಲಿರುವ ಇನ್ನಷ್ಟು ಕಾರ್ಡುಗಳತ್ತ ದಾರಿ ತೋರಿಸುತ್ತದೆ. ಓದುವ ಹುಡುಗನ ಹೊಸ ಖಾತೆಗೆ ಲಕ್ಷಗಟ್ಟಲೆ ಬಂದು ಕ್ಷಣದಲ್ಲಿ ಖಾಲಿಯಾದದ್ದು ಬ್ಯಾಂಕಿನ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬುದನ್ನೂ ತನಿಖೆಯವರು ಕೇಳಬೇಕು. ಕೆಲವು ಕಡೆ ಬ್ಯಾಂಕಿನ ಒಳಗಿನವರೇ ಸಿಕ್ಕಿಬಿದ್ದು, ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಇದೆ.

ತಾವು ಶಿಕ್ಷಕರಾಗಿದ್ದವರು, ತಮ್ಮ ಶಿಷ್ಯರು ಈ ಊರಿನ ಕಾಲೇಜುಗಳಲ್ಲಿ ಈಗ ಪಾಠ ಮಾಡುತ್ತಿರಬಹುದು. ಖಾತೆ ಬಾಡಿಗೆಗೆ ಕೊಡುವುದು ಅಪರಾಧವೆಂದು, ವಿದೇಶದ ಕೆಲಸಕ್ಕೆ ಕರೆಯುವ ಏಜೆಂಟನ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದೆಂದು, ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ಭಾರತದ ಯಾವ ಪೊಲೀಸರಿಗೂ ಇಲ್ಲವೆಂದು ಅವರು ತರಗತಿಯಲ್ಲಿ ಹೇಳಿದರೆ ಹತ್ತು ನಿಮಿಷ ಹಿಡಿಯುತ್ತದೆ.

ತಮ್ಮ ಭಾವನವರ ಮಟ್ಟಿಗೆ: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಗ ಸಿಕ್ಕ ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ದೂರು ಇನ್ನೂ ಫೋನಿನಲ್ಲೇ ಉಳಿದಿದ್ದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಎಫ್‌ಐಆರ್ ಆಗಿದೆಯೇ ಎಂದು ನೋಡಿಕೊಳ್ಳಿ. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು ತೊಂಬತ್ತು ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ತಿಳಿಸದಿದ್ದರೆ ಲಿಖಿತವಾಗಿ ಕೇಳಬಹುದು. ಹಣ ಹಾದುಹೋದ ಯಾವುದಾದರೂ ಖಾತೆಯಲ್ಲಿ ಬ್ಯಾಂಕು ತಡೆಹಿಡಿದ ದೊಡ್ಡ ಮೊತ್ತವಿದ್ದರೆ ಅದು ಸಾಮಾನ್ಯವಾಗಿ ತಾನಾಗಿ ವಾಪಸು ಬರುವುದಿಲ್ಲ. ಅದೇ ಸಂಹಿತೆಯ 503ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು, ಅದಕ್ಕೆ ಬೇಕಾದ್ದು ಹಣ ಕಳಿಸಿದ ದಿನದ ಬ್ಯಾಂಕ್ ವಿವರ, ದೂರಿನ ಪ್ರತಿ, ತಡೆಹಿಡಿದ ಮೊತ್ತದ ಬಗ್ಗೆ ಠಾಣೆಯ ಪತ್ರ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸಲಿ.